ಎಲೆಕ್ಟ್ರಾನಿಕ್ ಗೇರ್ ಲಿವರ್: ನಾನು ಆರಿಸಿದ್ದು, ಮನೆಯಲ್ಲೇ ಕೂರಿಸಿದ್ದು

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಸೈಕಲ್ ತುಳಿದವರಿಗೆ ಗಾಳಿಯ ಬಗ್ಗೆ ಹೇಳಬೇಕಾಗಿಲ್ಲ. ದುರ್ಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಎದುರುಗಾಳಿ ಸಿಕ್ಕಿತೆಂದರೆ ಗೇರ್ ಬದಲಿಸುತ್ತಲೇ ಇರಬೇಕು. ಕೇಬಲ್ ಲಿವರ್‌ಗೆ ಧೂಳು ಸೇರಿದ ಮೇಲೆ ಅದು ಬೆರಳಿಗೆ ಶಿಕ್ಷೆ. ಹಾಗಾಗಿ ಗುಂಡಿ ಒತ್ತಿದರೆ ಮೋಟರೇ ಗೇರ್ ಬದಲಿಸುವ ಎಲೆಕ್ಟ್ರಾನಿಕ್ ಲಿವರ್ ಹಾಕೋಣ ಎಂದುಕೊಂಡೆ.

ನನ್ನ ಬಜೆಟ್ಟಿಗೆ ಬಂದದ್ದು ಎರಡೇ: ಸ್ರ್ಯಾಮ್ ಕಂಪನಿಯ 2021ರ ರೈವಲ್ ಎಎಕ್ಸ್‌ಎಸ್, ಶಿಮಾನೊ ಕಂಪನಿಯ 2022ರ 105 ಡಿಐ2. ಎರಡಕ್ಕೂ ಹಿಂದೆ 12 ಗೇರ್. ಬೆರಳಿಗೆ ಹಿಡಿಸಿದ್ದು ಸ್ರ್ಯಾಮ್. ಬಲಗೈ ಒತ್ತಿದರೆ ಗೇರ್ ಭಾರ, ಎಡಗೈ ಒತ್ತಿದರೆ ಹಗುರ, ಎರಡೂ ಒಟ್ಟಿಗೆ ಒತ್ತಿದರೆ ಮುಂದಿನ ಚೈನ್‌ರಿಂಗ್ (ಪೆಡಲ್ ಪಕ್ಕದ ದೊಡ್ಡ ಹಲ್ಲುಗಾಲಿ) ಬದಲು. ಶಿಮಾನೊದಲ್ಲಿ ಒಂದೇ ಲಿವರ್ ಮೇಲೆ ಎರಡು ಗುಂಡಿ ಅಕ್ಕಪಕ್ಕ. ಡಿಸೆಂಬರ್ ಚಳಿಗೆ ದಪ್ಪ ಗ್ಲೌಸ್ ಹಾಕಿದರೆ ತಡಕಾಡಬೇಕು.

ಆದರೂ ಶಿಮಾನೊ ತಗೊಂಡೆ. ಕಾರಣ ಹಿಂದಿನ ಚಕ್ರ. ನನ್ನ ಹಳೆಯ 11 ಗೇರಿನ ಹಬ್‌ಗೆ, ಅಂದರೆ ಚಕ್ರದ ನಡುಭಾಗಕ್ಕೆ, 105ರ 12 ಗೇರಿನ ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಗೊಂಚಲು) ಹಾಗೇ ಕೂರುತ್ತದೆ. ರೈವಲ್‌ನ ಸಣ್ಣ ಹಲ್ಲುಗಾಲಿ 10 ಹಲ್ಲಿನದು, ಅದಕ್ಕೆ ಹಬ್ ಮೇಲೆ ಕ್ಯಾಸೆಟ್ ಕೂರುವ ಭಾಗವೇ ಬೇರೆ, ಎಕ್ಸ್‌ಡಿಆರ್ ಬಾಡಿ ಬೇಕು. ನನ್ನ ಹಬ್‌ಗೆ ಅದು ಸಿಗಲಿಲ್ಲ, ಅಂದರೆ ಹೊಸ ಚಕ್ರದ ಖರ್ಚು. ಲಿವರ್ ಬೆಲೆ ನೋಡುವ ಮೊದಲು ಹಬ್ ನೋಡಿ.

ಕೂರಿಸುವಾಗ ಜಾಸ್ತಿ ಹೊತ್ತು ಹಿಡಿದದ್ದು ವೈರ್ ಅಲ್ಲ, ಲಿವರ್‌ನ ಜಾಗ. ಹ್ಯಾಂಡಲ್ ಟೇಪ್ ಬಿಚ್ಚಿ, ಲಿವರ್‌ಗಳನ್ನು ಸಡಿಲವಾಗಿ ಸಿಕ್ಕಿಸಿ, ಸೈಕಲ್ಲನ್ನು ಗೋಡೆಗೆ ಒರಗಿಸಿ ಹತ್ತಿ ಕೂತೆ. ಕಣ್ಣು ಮುಚ್ಚಿ ಕೈ ಇಟ್ಟಾಗ ಮಣಿಕಟ್ಟು ಮಡಚದೆ ನೇರ ಇರಬೇಕು. ಆಮೇಲೆ ಎರಡೂ ಲಿವರ್ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು ಒಂದೇ ಎತ್ತರಕ್ಕೆ ತಂದೆ. ಬೋಲ್ಟ್ ಬಿಗಿ 6ರಿಂದ 8 ನ್ಯೂಟನ್ ಮೀಟರ್. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಸಾಲ ತನ್ನಿ, ಅಂದಾಜು ಬೇಡ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ ಮೇಲೆಯೇ ಬ್ರೇಕ್ ಎಣ್ಣೆಯ ಪೈಪನ್ನು ಅಳತೆಗೆ ಕತ್ತರಿಸಿದ್ದು.

105 ಡಿಐ2 ಲಿವರ್‌ನಿಂದ ಡಿರೈಲರ್‌ಗೆ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ) ವೈರ್ ಇಲ್ಲ. ಆದರೆ ಸೀಟ್ ಪೋಸ್ಟ್ ಒಳಗಿನ ಬ್ಯಾಟರಿಯಿಂದ ಎರಡೂ ಡಿರೈಲರ್‌ಗೆ ಫ್ರೇಮ್ ಒಳಗೇ ವೈರ್ ಹೋಗಬೇಕು. ಹಳೆಯ ಕೇಬಲ್ ಎಳೆಯುವ ಮೊದಲು ಅದರ ತುದಿಗೆ ಗಾಳಿಪಟದ ದಾರ ಕಟ್ಟಿದೆ. ಕೇಬಲ್ ಹೊರಗೆ, ದಾರ ಒಳಗೆ, ದಾರದ ಹಿಂದೆ ವೈರ್. ಪ್ಲಗ್ ಟಿಕ್ ಎನ್ನುವವರೆಗೆ ಒತ್ತಬೇಕು.

ಉಳಿದದ್ದು ಮೊಬೈಲ್ ಕೆಲಸ. ಶಿಮಾನೊದ ಇ-ಟ್ಯೂಬ್ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಜೋಡಿಸಿದೆ. ಚೈನ್ ಪಕ್ಕದ ಹಲ್ಲುಗಾಲಿಗೆ ಸವರಿ ಸದ್ದು ಬರುವವರೆಗೆ ಡಿರೈಲರ್ ಒಳಗೆ ಸರಿಸಿ, ಸದ್ದು ನಿಲ್ಲುವಷ್ಟು ಹಿಂದೆ ತಂದೆ. ಗುಂಡಿ ಒತ್ತಿ ಹಿಡಿದರೆ ಗೇರ್ ಸಾಲಾಗಿ ಓಡುತ್ತವೆ. ಒಂದು ಸಲಕ್ಕೆ ಎರಡೇ ಗೇರ್ ಎಂದು ಮಿತಿ ಹಾಕಿದೆ. ಟ್ರ್ಯಾಕ್ಟರ್ ಓಡಿ ಕೆಟ್ಟ ಚಾನಲ್ ರಸ್ತೆಯಲ್ಲಿ ಬೆರಳು ಗುಂಡಿಗೆ ಒತ್ತಿಕೊಂಡೇ ಇರುತ್ತದಲ್ವಾ?

ಒಂದು ಮಾತು, ಲಿವರ್ ಒಳಗಿನ ಸೆಲ್ ಸಿಆರ್1632. ಇಲ್ಲಿನ ವಾಚ್ ಅಂಗಡಿಯಲ್ಲಿ ಕೇಳಿದರೆ 2032 ತೆಗೆದುಕೊಡುತ್ತಾರೆ. ಅದು 20 ಮಿಲಿಮೀಟರ್ ಅಗಲ, ನಮಗೆ ಬೇಕಾದ್ದು 16. ಆನ್‌ಲೈನ್‌ನಲ್ಲಿ ತರಿಸಿ ಸೀಟ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.