ಟೋಪಿ ಹಾಕಿಸಿಕೊಂಡವನ ಅನುಭವ

ಮೆಲ್ಬರ್ನಿನಲ್ಲಿ ಆಪ್ ಶಾಪ್ ಅಂತ ಅಂಗಡಿಗಳಿವೆ. ಜನ ದಾನವಾಗಿ ಕೊಟ್ಟ ಹಳೇ ಬಟ್ಟೆ, ಪಾತ್ರೆ, ಪುಸ್ತಕಗಳನ್ನು ಮಾರಿ ಆ ದುಡ್ಡನ್ನು ಒಳ್ಳೆಯ ಕೆಲಸಕ್ಕೆ ಬಳಸುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮನೆಯ ಇಡ್ಲಿ ಪಾತ್ರೆಗೆ ಹೊಂದುವ ಮುಚ್ಚಳ ಸಿಗುತ್ತಾ ಅಂತ ಅಂಥ ಒಂದು ಅಂಗಡಿಗೆ ಹೋಗಿದ್ದೆ. ಪಾತ್ರೆಯದು ಸಿಗಲಿಲ್ಲ, ತಲೆಯದು ಸಿಕ್ಕಿತು. ಕಂದು ಬಣ್ಣದ ಅಕುಬ್ರಾ, ಅಂದರೆ ಆಸ್ಟ್ರೇಲಿಯಾದ ಹೆಸರಾಂತ ಅಗಲ ಅಂಚಿನ ಟೋಪಿ. ನೆತ್ತಿ ನಗ್ಗಿತ್ತು, ರಿಬ್ಬನ್ ಮಾಸಿತ್ತು. ಒಳಗಿನ ಚರ್ಮದ ಪಟ್ಟಿಯ ಹಿಂದೆ ಮಡಿಸಿದ ಹಳೇ ನ್ಯೂಸ್‌ಪೇಪರಿನ ತುಂಡು. ಟೋಪಿ ಸಡಿಲ ಅಂತ ಯಾರೋ ತುರುಕಿಕೊಂಡಿದ್ದರು. ಹನ್ನೆರಡು ಡಾಲರ್ ಕೊಟ್ಟು ತಂದೆ.

ಆಗ ನಮ್ಮಮ್ಮ ಹಾಸನದಿಂದ ಬಂದು ನಮ್ಮ ಜೊತೆ ಇದ್ದರು. ನೋಡಿದವರೇ, "ಯಾರೋ ಸತ್ತೋರ ಟೋಪಿನ ಮನೇಗೆ ತಂದಿದ್ದೀಯಲ್ಲೋ!" ಅಂದರು. ಸತ್ತಿದ್ದಾರೆ ಅಂತ ಯಾಕೆ ಅಂದ್ಕೋಬೇಕು ಅಂತ ವಾದ ಮಾಡಿದೆ. ಅದನ್ನು ಮೊಲದ ತುಪ್ಪಳದಿಂದ ಮಾಡುತ್ತಾರೆ ಅನ್ನೋದನ್ನು ಮಾತ್ರ ಆ ದಿನ ಹೇಳಲಿಲ್ಲ.

ಮೊಲದ ಕತೆ ಈ ಊರಿಗೆ ಹತ್ತಿರದ್ದು. 1859ರಲ್ಲಿ ಥಾಮಸ್ ಆಸ್ಟಿನ್ ಅನ್ನುವ ಜಮೀನ್ದಾರ ಬೇಟೆಯ ಮೋಜಿಗಾಗಿ ಇಂಗ್ಲೆಂಡಿನಿಂದ ಮೊಲ ತರಿಸಿಕೊಂಡ. ಅವನ ಬಾರ್ವನ್ ಪಾರ್ಕ್ ನಮ್ಮಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ ಅಷ್ಟೇ. ಅಲ್ಲಿ ಶುರುವಾದ ಮೊಲಗಳ ಕಾಟ ಇಡೀ ದೇಶಕ್ಕೆ ಹಬ್ಬಿತು. ಕೊನೆಗೆ 1950ರಲ್ಲಿ ಸರ್ಕಾರವೇ ಮೊಲಗಳಿಗೆ ರೋಗ ಹರಡುವ ವೈರಸ್ ಬಿಡಬೇಕಾಯಿತು. ರೈತರಿಗೆ ಶನಿಯಾದದ್ದು ಟೋಪಿಯವರಿಗೆ ಅನ್ನವಾಯಿತು. ಬೆಂಜಮಿನ್ ಡಂಕರ್ಲಿ ಅನ್ನುವವರು 1874ರಲ್ಲಿ ಟಾಸ್ಮೇನಿಯಾಕ್ಕೆ ಬಂದು ಟೋಪಿ ಮಾಡೋಕೆ ಶುರು ಮಾಡಿದರು. ಮೊಲದ ಮೇಲ್ಗೂದಲು ತೆಗೆದು ಒಳಗಿನ ಮೆತ್ತನೆ ತುಪ್ಪಳ ಉಳಿಸುವ ಯಂತ್ರ ಅವರದೇ. ಅಕುಬ್ರಾ ಅನ್ನುವ ಹೆಸರು ಬಂದದ್ದು 1912ರಲ್ಲಿ.

ಈ ಟೋಪಿಯ ಬಟ್ಟೆಗೆ ಫೆಲ್ಟ್ ಅಂತಾರೆ. ಅದು ನೇಯ್ದ ಬಟ್ಟೆ ಅಲ್ಲ. ನಮ್ಮ ಕಂಬಳಿಗೆ ಹಾಸು-ಹೊಕ್ಕು ಇರುತ್ತೆ, ಇದಕ್ಕೆ ದಾರವೇ ಇಲ್ಲ. ಪ್ರತಿ ಕೂದಲಿನ ಮೇಲೂ ಮೀನಿನ ಮೈಮೇಲಿರುವ ಹಾಗೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಹುರುಪೆ. ಬಿಸಿನೀರು ಹಾಕಿ ಒತ್ತುತ್ತಾ ಹೋದರೆ ಒಂದಕ್ಕೊಂದು ಕಚ್ಚಿಕೊಂಡು ಕುಗ್ಗಿ ಗಟ್ಟಿಯಾಗುತ್ತವೆ. ಆಮೇಲೆ ಬಿಗಿ ಬರಲಿ ಅಂತ ಶೆಲ್ಯಾಕ್ ಕುಡಿಸುತ್ತಾರೆ. ಶೆಲ್ಯಾಕ್ ಅಂದರೆ ಬೇರೇನಲ್ಲ, ನಮ್ಮ ಅರಗು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡೋದೂ ಅದೇ. ಕುರುಬರು ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕ್ತಾರಲ್ಲ, ಹೆಚ್ಚುಕಮ್ಮಿ ಅದೇ ಉಪಾಯ.

ಹಬೆ ಕೊಟ್ಟರೆ ಈ ಅರಗು ಮೆತ್ತಗಾಗುತ್ತೆ, ಕೂದಲಿನ ಹಿಡಿತ ಸಡಿಲವಾಗುತ್ತೆ. ಬೇಕಾದ ಆಕಾರಕ್ಕೆ ತಂದು ಆರೋಕೆ ಬಿಟ್ಟರೆ ಹಾಗೇ ನಿಲ್ಲುತ್ತೆ. ಇಷ್ಟು ಓದಿಕೊಂಡ ನನಗೆ ಎಲ್ಲಾ ಗೊತ್ತಾಯ್ತು ಅನ್ನಿಸಿಬಿಟ್ಟಿತು.

ಟೋಪಿ ರಿಪೇರಿಗೆ ಮರದ ಅಚ್ಚು ಬೇಕು. ನನ್ನ ಹತ್ತಿರ ಇರಲಿಲ್ಲ. ನನ್ನ ತಲೆಯ ಸುತ್ತಳತೆ 58 ಸೆಂಟಿಮೀಟರ್. ಲೆಕ್ಕ ಹಾಕಿದರೆ ಅಡ್ಡಳತೆ ಹದಿನೆಂಟೂವರೆ. ಟೇಪು ಹಿಡಿದು ಅಡುಗೆಮನೆ ಹುಡುಕಿದೆ. ಸರಿಯಾಗಿ ಅಷ್ಟೇ ಅಗಲದ ಸ್ಟೀಲ್ ಡಬರಿ ಸಿಕ್ಕಿತು! ಕುಕ್ಕರಿನ ವೆಯ್ಟ್ ತೆಗೆದು ಬುಸ್ ಅಂತ ಬರುವ ಹಬೆಗೆ ಟೋಪಿ ಹಿಡಿದೆ. ಬೋರಲು ಹಾಕಿದ ಡಬರಿಗೆ ಎಳೆದು ಕೂರಿಸಿ, ಬುಡಕ್ಕೆ ದಾರ ಬಿಗಿದು ಮಲಗಿದೆ.

ಬೆಳಗ್ಗೆ ಎರಡು ಅನಾಹುತ ಕಾದಿದ್ದವು. ಒಂದು, ತಲೆ ದುಂಡಗಿರಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಅದು ಮೊಟ್ಟೆಯ ಆಕಾರ. ಟೋಪಿ ಮಾತ್ರ ಡಬರಿಯಷ್ಟೇ ದುಂಡಗಾಗಿತ್ತು. ಹಣೆಗೆ ಕಚ್ಚುತ್ತಿತ್ತು, ಕಿವಿಯ ಹತ್ತಿರ ಬೆರಳು ತೂರುವಷ್ಟು ಜಾಗ. ಎರಡು, ಹಬೆ ಹಿಡಿಯುವಾಗ ಒಳಗಿನ ಚರ್ಮದ ಪಟ್ಟಿಯನ್ನು ಹೊರಕ್ಕೆ ಮಡಚಿರಲಿಲ್ಲ. ಅದು ಸುಟ್ಟ ಹಪ್ಪಳದ ಹಾಗೆ ಮುರುಟಿತ್ತು. ಫೆಲ್ಟ್ ಎಷ್ಟೋ ತಪ್ಪನ್ನು ಸಹಿಸುತ್ತೆ. ಚರ್ಮ ಸಹಿಸಲ್ಲ. ಇದೇ ಕಾರಣಕ್ಕೆ ಬೇಸಿಗೆಯಲ್ಲಿ ಕಾರಿನೊಳಗೆ ಟೋಪಿ ಬಿಡಬಾರದು. ಪಟ್ಟಿ ಕುಗ್ಗುತ್ತೆ, ಟೋಪಿ ಬಿಗಿಯಾಗುತ್ತೆ, ನಮ್ಮ ತಲೆಯೇ ದಪ್ಪವಾಯ್ತು ಅಂತ ನಾವು ಅಂದ್ಕೊಳ್ತೀವಿ.

ಆಮೇಲೆ ಕ್ಯಾಂಬರ್‌ವೆಲ್‌ನ ಭಾನುವಾರದ ಸಂತೆಯಲ್ಲಿ 58ರ ಮರದ ಅಚ್ಚು ಸಿಕ್ಕಿತು. ಅಳತೆಯ ಅಂಕಿ ಅಡಿಯಲ್ಲೇ ಒತ್ತಿತ್ತು. ಈಗಿನ ಕ್ರಮ ಇದು. ಮೊದಲು ರಿಬ್ಬನ್ ಬಿಚ್ಚುತ್ತೇನೆ. ಚರ್ಮದ ಪಟ್ಟಿ ಚೆನ್ನಾಗಿದ್ದರೆ ಹೊರಕ್ಕೆ ಮಡಚುತ್ತೇನೆ. ಹಾಳಾಗಿದ್ದರೆ ಬಿಚ್ಚಿ, ಹೊಸದನ್ನು ಹಳೇ ಸೂಜಿ ತೂತುಗಳಲ್ಲೇ ಕೈಯಿಂದ ಹೊಲಿಯುತ್ತೇನೆ. ಹೊಸ ತೂತು ಬಿದ್ದಷ್ಟೂ ಫೆಲ್ಟ್ ಅಲ್ಲಿ ಹರಿಯುತ್ತೆ. ಹಬೆ ಕೊಟ್ಟು ಅಚ್ಚಿಗೆ ಕೂರಿಸಿದರೆ ಪೂರ್ತಿ ಒಂದು ದಿನ ಮುಟ್ಟೋದಿಲ್ಲ. ನೆತ್ತಿಯ ಮಡಿಕೆಯನ್ನು ಕೊನೆಗೆ ಅಂಗೈ ಅಂಚಿನಿಂದ ಒತ್ತಿ ಮೂಡಿಸುತ್ತೇನೆ. ಮುಂಭಾಗದ ಎರಡು ಬದಿಯಲ್ಲಿ ಚಿವುಟಿದ ಹಾಗಿರುವ ತಗ್ಗು ಬೆರಳಿನ ಕೆಲಸ. ಆ ಚಿವುಟು ನೋಡೋಕೆ ಹಿಡಿಕೆಯ ಹಾಗಿರುತ್ತೆ, ಆದರೆ ಅಲ್ಲಿ ಹಿಡಿದು ಟೋಪಿ ತೆಗೆಯಬಾರದು. ಹಳೇ ಟೋಪಿಗಳು ಮೊದಲು ಸೀಳೋದು ಅಲ್ಲೇ.

ಕೊಳೆ ತೆಗೆಯೋದು ಬೇರೆಯೇ ವಿದ್ಯೆ. ಅರ್ಧ ಕೊಳೆ ಬರೀ ಬ್ರಷ್‌ಗೆ ಹೋಗುತ್ತೆ. ಎಳೆ ಮಲಗಿರುವ ದಿಕ್ಕಿನಲ್ಲಿ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಉಜ್ಜಬೇಕು. "ಅಪ್ರದಕ್ಷಿಣೆ ಯಾಕೋ ಹಾಕ್ತೀಯಾ" ಅಂತ ಅಮ್ಮ ಅದಕ್ಕೂ ಒಂದು ಅಂದರು. ಎಣ್ಣೆ ಜಿಡ್ಡಿಗೆ ಪಾಶ್ಚಾತ್ಯರು ಒಂದು ಮಣ್ಣು ಬಳಸುತ್ತಾರೆ. ಅಂಗಡಿಯಲ್ಲಿ ಚಿಕ್ಕ ಡಬ್ಬಿಗೇ ದುಬಾರಿ. ಏನಿರಬಹುದು ಅಂತ ನೋಡಿದರೆ ನಮ್ಮ ಮುಲ್ತಾನಿ ಮಿಟ್ಟಿ! ಇಂಡಿಯನ್ ಗ್ರೋಸರಿಯಲ್ಲಿ ಮುಖಕ್ಕೆ ಹಚ್ಚೋಕೆ ಮಾರ್ತಾರಲ್ಲ, ಅದೇ. ಕಲಸಬಾರದು. ಒಣ ಪುಡಿಯನ್ನೇ ಜಿಡ್ಡಿನ ಮೇಲೆ ಉದುರಿಸಿ, ರಾತ್ರಿ ಬಿಟ್ಟು, ಬೆಳಗ್ಗೆ ಬ್ರಷ್ ಮಾಡಬೇಕು. ತಿಳಿ ಬಣ್ಣದ ಟೋಪಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕಡುಹಸಿರು ಟೋಪಿಗೆ ಹಾಕಿ ಪೇಚಿಗೆ ಸಿಕ್ಕಿದ್ದೇನೆ. ವಿಭೂತಿ ಬಳಿದ ಹಾಗೆ ಕಾಣುತ್ತಿತ್ತು, ವಾರಗಟ್ಟಲೆ ಉಜ್ಜಿದೆ.

ಇನ್ನು ಕೊಳ್ಳುವಾಗ ಬಿದ್ದ ಏಟುಗಳು. ಅಮೆರಿಕದ ಸ್ಟೆಟ್ಸನ್ ಕಂಪನಿಯ ಒಂದು ಟೋಪಿ ಆನ್‌ಲೈನ್‌ನಲ್ಲಿ ಕಂಡಿತು, ಫಿಲಡೆಲ್ಫಿಯಾದ ಹಳೇ ಕಾರ್ಖಾನೆಯದು. ಆ ಕಾರ್ಖಾನೆ 1971ರಲ್ಲೇ ಮುಚ್ಚಿದೆ. ಅಳತೆ 7 1/8. ನನ್ನ ಹತ್ತಿರವಿದ್ದ ಇಂಗ್ಲೆಂಡಿನ ಟೋಪಿಯಲ್ಲೂ 7 1/8 ಅಂತಲೇ ಇತ್ತು, ಅದು ಸರಿಯಾಗಿ ಕೂರುತ್ತಿತ್ತು. ತರಿಸಿದೆ. ಹಣೆಗೆ ಕೆಂಪು ಗೆರೆ ಬಿತ್ತು. ಬ್ರಿಟಿಷರ 7 1/8 ಅಂದರೆ 58 ಸೆಂಟಿಮೀಟರ್, ಅಮೆರಿಕದವರ 7 1/8 ಅಂದರೆ 57. ಮಾರಿದವರ ತಪ್ಪೇನಿರಲಿಲ್ಲ.

ಇನ್ನೊಬ್ಬ ಮಾತ್ರ ನನಗೆ ನಿಜವಾಗಿಯೂ ಟೋಪಿ ಹಾಕಿದ, ಎರಡೂ ಅರ್ಥದಲ್ಲಿ. "ತುಂಬಾ ಚೆನ್ನಾಗಿದೆ" ಅಂತ ಬರೆದಿದ್ದ ಬೂದು ಫೆಡೋರಾ ಟೋಪಿಯನ್ನು ಬೆಳಕಿಗೆ ಹಿಡಿದರೆ ನಕ್ಷತ್ರ ಕಂಡವು. ಹುಳ ತಿಂದಿತ್ತು, ಜೊತೆಗೆ ಮೊಟ್ಟೆಯನ್ನೂ ಇಟ್ಟಿರಬಹುದು. ಉಳಿದವಕ್ಕೆ ಹರಡದಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಟ್ಟೆ. "ರೀ, ಕಾಯಿತುರಿ ಅಂತ ಕೈ ಹಾಕಿದ್ರೆ ಟೋಪಿ ಬರುತ್ತಲ್ರೀ" ಅಂದಳು ನನ್ನ ಹೆಂಡತಿ. ಮೇಲೆ ಮೇಲೆ ಕೆರೆದಂತೆ ತಿಂದ ಜಾಗವನ್ನು 400, ಆಮೇಲೆ 600 ನಂಬರಿನ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿದರೆ ಸಮ ಆಗುತ್ತೆ. ತೂತಿಗೆ ಅಸಲಿ ಮದ್ದಿಲ್ಲ. ಚರ್ಮದ ಪಟ್ಟಿಯ ಅಡಿಯಿಂದ ಒಂದಿಷ್ಟು ಫೆಲ್ಟ್ ಪುಡಿ ಕೆರೆದು, ಗೋಂದಿನ ಜೊತೆ ತುಂಬಿಸಿದೆ. ನಾಲ್ಕಡಿ ದೂರದಿಂದ ಕಾಣಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡಲ್ಲ. ಹಿಂದೆ ತುಪ್ಪಳ ಬೇಗ ಹೆಣೆದುಕೊಳ್ಳಲಿ ಅಂತ ಪಾದರಸದ ದ್ರಾವಣ ಹಚ್ಚುತ್ತಿದ್ದರು. ಆ ಹಬೆ ಕುಡಿದ ಕೆಲಸಗಾರರಿಗೆ ಕೈ ನಡುಗುತ್ತಿತ್ತು, ಬುದ್ಧಿ ಕೆಡುತ್ತಿತ್ತು. ಅಮೆರಿಕದಲ್ಲಿ ಇದನ್ನು ನಿಲ್ಲಿಸಿದ್ದು 1941ರಲ್ಲಿ. ಅಷ್ಟು ಹಳೆಯ ಟೋಪಿ ಅನ್ನಿಸಿದರೆ ನಾನು ಹಬೆ ಕೊಡಲ್ಲ, ಸ್ಯಾಂಡ್‌ಪೇಪರ್ ಮುಟ್ಟಿಸಲ್ಲ. ನೋಡೋಕೆ ಮಾತ್ರ.

ಹಾಕಿಕೊಂಡು ಓಡಾಡೋದಕ್ಕೆ ಮೊದಲು ಸಂಕೋಚ ಇತ್ತು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋದಾಗ "ಏನ್ ಸಾರ್, ಕುದುರೆ ಎಲ್ಲಿ?" ಅಂತ ಒಬ್ಬರು ಕೇಳಿದರು. ಈಗ ಅದೇ ಮನುಷ್ಯ ಎಲ್ಲಿ ಕೊಳ್ಳಬೇಕು ಅಂತ ಫೋನ್ ಮಾಡ್ತಾರೆ. ಹೊಸದು ಬೇಕಿದ್ದರೆ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನ ಸಿಟಿ ಹ್ಯಾಟರ್ಸ್‌ಗೆ ಹೋಗಿ ಅಂತೀನಿ, 1910ರಿಂದಲೂ ಇರುವ ಅಂಗಡಿ. ಉಣ್ಣೆಯ ಅಗ್ಗದ ಫೆಲ್ಟ್ ಬೇಡ ಅಂತಲೂ ಹೇಳ್ತೀನಿ. ಎರಡು ಮಳೆಗೆ ಜೋಲು ಬೀಳುತ್ತೆ. ಇಲ್ಲಿಯ ಬಿಸಿಲಿಗೆ ಸುತ್ತಲೂ ಅಂಚಿರುವ ಟೋಪಿ ಶೋಕಿ ಅಲ್ಲ, ಬೋಳುತಲೆಯವನಿಗಂತೂ ಅಲ್ಲವೇ ಅಲ್ಲ.

ಹೋದ ವರ್ಷ ಹಾಸನಕ್ಕೆ ಹೋಗಿದ್ದಾಗ ಅಮ್ಮ ತಾವಾಗಿಯೇ ಅಟ್ಟದ ಟ್ರಂಕು ಇಳಿಸಲು ಹೇಳಿದರು. ಪಂಚೆಗಳ ಅಡಿಯಲ್ಲಿ ತಾತನ ಕರೀ ಟೋಪಿ. ಮದುವೆ, ಕೋರ್ಟು, ಫೋಟೋ, ಎಲ್ಲಕ್ಕೂ ಹಾಕುತ್ತಿದ್ದದ್ದು. ಬೆರಳಲ್ಲಿ ಮುಟ್ಟಿದ ಕೂಡಲೇ ಗೊತ್ತಾಯಿತು, ಫೆಲ್ಟ್. ಒಳಗಿನ ಪಟ್ಟಿಯಲ್ಲಿ ಹಣೆಯ ಬೆವರಿನ ಕಪ್ಪು, ಅದರ ಮೇಲೆ ಗಂಧದ ಹಳದಿ ಕಲೆ.

"ನಿನ್ನ ರಿಪೇರಿ ಇದಕ್ಕೂ ಮಾಡೋ" ಅಂದರು. ಬ್ಯಾಗಿನಿಂದ ಬ್ರಷ್ ತೆಗೆದು ಧೂಳು ತೆಗೆದೆ. ಅಪ್ರದಕ್ಷಿಣೆಗೆ ಈ ಸಲ ಏನೂ ಅನ್ನಲಿಲ್ಲ. ಕಲೆ ಮುಟ್ಟಲಿಲ್ಲ. ಎಷ್ಟು ಹಳೆಯದೋ, ಹಬೆಯೂ ಬೇಡ ಅಂದೆ.

"ಒಂದ್ಸಲ ಹಾಕ್ಕೊಂಡು ತೋರ್ಸು." ಹಾಕಿಕೊಂಡೆ. ನೆತ್ತಿಯ ಮೇಲೆ ಇಡ್ಲಿ ಇಟ್ಟ ಹಾಗೆ ಕೂತಿತು. ಟೇಪು ಹಿಡಿದರೆ 55.

"ಎಳೆದು ದೊಡ್ಡದು ಮಾಡಕ್ಕಾಗಲ್ವಾ?"

"ಮೂರು ಸೆಂಟಿಮೀಟರ್ ಆಗಲ್ಲಮ್ಮ. ಹರಿದುಹೋಗುತ್ತೆ."

ಅಮ್ಮ ಟೋಪಿ ಇಸಕೊಂಡು, ಒಳಗೆ ಎರಡು ಹೊಸ ನುಸಿಗುಳಿಗೆ ಹಾಕಿ, ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಇಟ್ಟರು. ಆಮೇಲೆ ನನ್ನ ಕಂದು ಅಕುಬ್ರಾವನ್ನು ಮೂಸಿ ನೋಡಿ, "ಇದು ಯಾತರ ಕೂದಲೋ?" ಅಂದರು. ಹೇಳಿದೆ. ರಾತ್ರಿ ಅದು ದೇವರ ಮನೆಯ ಗೋಡೆಯ ಮೊಳೆಯಿಂದ ಜಗಲಿಯ ಮೊಳೆಗೆ ಬಂದಿತ್ತು.