ಎರಡು ಡಿಗ್ರಿ ವಾಲಿದ ಲಾಂಛನ

ನನ್ನ ಹತ್ತಿರ ಇರೋ ಒಂದು ಹಳೇ ಕ್ರಿಕೆಟ್ ಅಂಗಿ ಮ್ಯಾಚಿನಲ್ಲಿ ತೊಟ್ಟದ್ದೇ ಹೌದಾ ಅನ್ನೋ ವಾದಕ್ಕೆ ಹೋದ ತಿಂಗಳು ಕುವೆಂಪುನಗರದ ಗೆಳೆಯರೊಬ್ಬರು ಅಂಗಡಿಗೆ ಬಂದರು. ಆ ಮ್ಯಾಚಿನ ಫೋಟೋ ನೋಡಿದರು, ಅಂಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಫೋಟೋ ನೋಡಿದರು. ಆಮೇಲೆ "ಸರಿ ಕಣಯ್ಯ, ಗೆದ್ದೆ" ಅಂದರು. ಮೂರು ವರ್ಷದಿಂದ ಇದೇ ಮನುಷ್ಯ "ಸರ್ಟಿಫಿಕೇಟ್ ಇಲ್ಲದ ಬಟ್ಟೆ ನೆಲ ಒರೆಸೋಕೆ ಸರಿ" ಅಂತ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದರು. ಈಗ ಬರೆಯದೆ ಇನ್ಯಾವಾಗ ಬರೆಯಲಿ?

ನನ್ನದು ಮೈಸೂರಿನ ಅಗ್ರಹಾರದಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಸ್ಕೂಲ್ ಯೂನಿಫಾರ್ಮಿಗೆ ಲೋಗೋ, ಕ್ಲಬ್ ಹುಡುಗರ ಟೀ ಶರ್ಟಿಗೆ ಹೆಸರು, ಇಷ್ಟೇ ಹೊಟ್ಟೆಪಾಡು. ಹುಚ್ಚು ಮಾತ್ರ ಬೇರೆ. ಕ್ರಿಕೆಟ್ ಆಟಗಾರರು ಮ್ಯಾಚಿನಲ್ಲೇ ತೊಟ್ಟ ಬಟ್ಟೆ ಕೂಡಿಡುತ್ತೇನೆ. ಅಮ್ಮನಿಗೆ ಇದು ಕಂಡರಾಗದು. "ಕಂಡೋರ ಬೆವರಿನ ಬಟ್ಟೆ ದುಡ್ಡು ಕೊಟ್ಟು ತರ್ತೀಯಲ್ಲೋ, ಮೊದಲು ಒಗೆಯೋಕಾದ್ರೂ ಹಾಕು" ಅನ್ನುತ್ತಾರೆ. ಒಗೆದರೆ ಸಾಕ್ಷಿ ಹೋಗುತ್ತೆ ಅಂತ ಅವರಿಗೆ ಹೇಗೆ ಹೇಳೋದು.

ಕಳೆದುಕೊಂಡ ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಎಲ್ಲಾ ಸೇರಿ 65 ಸಾವಿರದ ಹತ್ತಿರ ಹೋಗಿದೆ. ಮೊದಲ ಪೆಟ್ಟು 18 ಸಾವಿರದ್ದು. 1996ರ ವಿಶ್ವಕಪ್‌ನಲ್ಲಿ ವೇಗದ ಬೌಲರ್ ಜಾವಗಲ್ ಶ್ರೀನಾಥ್ ತೊಟ್ಟಿದ್ದ ಜೆರ್ಸಿ ಅಂದರು. ನಮ್ಮೂರಿನವರಲ್ವಾ, ಹೆಸರು ಕೇಳಿಯೇ ಕಣ್ಣು ಮಂಜಾಯಿತು. ಬೆನ್ನ ಮೇಲೆ ಹೆಸರಿತ್ತು, ಅದರ ಕೆಳಗೆ ದೊಡ್ಡದಾಗಿ ನಂಬರೂ ಇತ್ತು. ವಿಶ್ವಕಪ್‌ನಲ್ಲಿ ಬೆನ್ನಿಗೆ ನಂಬರ್ ಬಂದಿದ್ದೇ 1999ರಲ್ಲಿ. ಮನೆಗೆ ಬಂದು ಹಳೇ ಮ್ಯಾಗಜಿನ್ ತೆಗೆದ ಮೇಲೆ ಇದು ಹೊಳೆಯಿತು. ಅಷ್ಟು ಹೊತ್ತಿಗೆ ಮಾರಿದವನ ಫೋನ್ ಸ್ವಿಚ್ ಆಫ್. ಟೆಸ್ಟ್ ಅಂಗಿಯಲ್ಲೂ ಇದೇ ಆಟ ನಡೆಯುತ್ತೆ. ಬೆನ್ನಿಗೆ ಹೆಸರು, ನಂಬರ್ ಎರಡೂ ಟೆಸ್ಟಿನಲ್ಲಿ ಬಂದಿದ್ದು 2019ರಲ್ಲಿ. ಅದಕ್ಕಿಂತ ಹಳೇ ಟೆಸ್ಟ್ ಅಂಗಿ ಅಂತ ಬೆನ್ನಿನ ನಂಬರ್ ತೋರಿಸಿದರೆ ಒಂದು ಟೀ ಕುಡಿಸಿ ಕಳಿಸಿ. ವಿಶ್ವಕಪ್‌ನಂಥ ಐಸಿಸಿ ಟೂರ್ನಿಯ ಜೆರ್ಸಿ ಅನ್ನುತ್ತಾರೆ, ಎದೆ ತುಂಬಾ ಸ್ಪಾನ್ಸರ್ ಹೆಸರಿರುತ್ತೆ. ಅಲ್ಲಿ ಎದೆ ಮೇಲೆ ದೇಶದ ಹೆಸರು, ಸ್ಪಾನ್ಸರ್ ತೋಳಿಗೆ. ಇವೆಲ್ಲ ನನ್ನಂತೆ ಕೂಡಿಡೋರಿಗೆ ಗೊತ್ತಿರೋದೇ.

ಆಮೇಲೆ ಯುವಿ, ಅಂದರೆ ನೇರಳಾತೀತ ಬೆಳಕಿನ ಟಾರ್ಚ್ ಕೊಂಡೆ. 365 ನ್ಯಾನೋಮೀಟರಿನದು, ಒಂಬೈನೂರು ಚಿಲ್ಲರೆ. ಹೊಸ ಬಟ್ಟೆ ನೀಲಿಯಾಗಿ ಹೊಳೆಯುತ್ತೆ, ಹಳೇದು ಹೊಳೆಯಲ್ಲ ಅಂತ ಯಾರೋ ಹೇಳಿದ್ದರು. ರಾತ್ರಿ ಲೈಟ್ ಆರಿಸಿ, ಅಪ್ಪನ ಕಾಲದ ಬಿಳಿ ಪಂಚೆ ಮೇಲೆ ಬಿಟ್ಟೆ. ದೀಪಾವಳಿ ಥರ ಹೊಳೆಯಿತು! ಒಗೆಯೋ ಪುಡಿಯಲ್ಲೇ ಆ ಹೊಳಪಿನ ಮದ್ದು ಇರುತ್ತೆ. ಮೂವತ್ತು ವರ್ಷ ಒಗೆದರೆ ಯಾವ ಬಟ್ಟೆಯೂ ಹೊಳೆಯುತ್ತೆ. ಟಾರ್ಚ್ ಈಗ ಗಲ್ಲಾಪೆಟ್ಟಿಗೆಯಲ್ಲಿ ನೋಟು ನೋಡೋಕೆ ಇದೆ.

ಕಲೆಯ ವಿಷಯ ಬಂದಾಗ ಸ್ವಲ್ಪ ದಾರಿ ತಪ್ಪಿದೆ, ಆದರೆ ಮಜಾ ಬಂತು. ಬೌಲರ್ ಪ್ಯಾಂಟಿನ ತೊಡೆ ಮೇಲೆ ಚೆಂಡು ಉಜ್ಜಿದ ಕೆಂಪು ಗೆರೆ ಇರುತ್ತಲ್ಲ, ಅದನ್ನು ತೋರಿಸಿ ಒಬ್ಬ ಏಳು ಸಾವಿರ ಕೇಳಿದ. ತಂದು ಇಟ್ಟುಕೊಂಡು ನೋಡಿದೆ. ಕೆಂಪು ತುಂಬಾ ಸಮನಾಗಿತ್ತು. ಹೊಸ ಬಿಳಿ ಪ್ಯಾಂಟ್ ಒಂದು ಕೊಂಡು ಅಕ್ಕನ ಮಗನಿಗೆ ತೊಡಿಸಿ, ಮಹಾರಾಜ ಕಾಲೇಜು ಮೈದಾನದಲ್ಲಿ ಹನ್ನೆರಡು ಓವರ್ ಹಾಕಿಸಿದೆ. ಹುಡುಗ ಬೈದುಕೊಂಡೇ ಹಾಕಿದ. ನಿಜವಾಗಿ ಉಜ್ಜಿದಾಗ ಕೆಂಪು ನೂಲಿನ ಉಬ್ಬಿನ ಮೇಲೆ ಮಾತ್ರ ಕೂರುತ್ತೆ, ಸಂದಿಗೆ ಇಳಿಯಲ್ಲ. ನೂಲಿನ ಜುಂಗೂ ಎದ್ದಿರುತ್ತೆ. ಆ ಏಳು ಸಾವಿರದ ಪ್ಯಾಂಟಿನಲ್ಲಿ ಕೆಂಪು ಒಳಗಿನವರೆಗೂ ಇಳಿದಿತ್ತು. ಅನುಮಾನ ಬಂದು ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟೆ. ಕೆಂಪು ಹೋಗಿ ಹಳದಿಯಾಯಿತು. ಪುಣ್ಯಾತ್ಮ ಅರಿಶಿನ, ಸುಣ್ಣ ಹಾಕಿ ಮಾಡಿದ ಮನೆ ಕುಂಕುಮ ಬಳಿದಿದ್ದ. ಅಕ್ಕನ ಮಗನ ಪ್ಯಾಂಟಿಗೂ ನಿಂಬೆರಸ ಬಿಟ್ಟು ನೋಡಿದೆ. ಚೆಂಡಿನ ಬಣ್ಣ ಅಲ್ಲಾಡಲಿಲ್ಲ.

ಈಗ ಅಸಲು ಕಥೆ.

2010ರ ಜನವರಿಯ ರಣಜಿ ಫೈನಲ್ ಮೈಸೂರಿನವರಿಗೆ ಮರೆಯೋದಲ್ಲ. ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಮುಂಬೈ ಎದುರು ಗೆಲ್ಲೋಕೆ ಕರ್ನಾಟಕಕ್ಕೆ 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಆದರೂ 331ಕ್ಕೆ ಆಲ್‌ಔಟ್, ಆರು ರನ್ನಿಗೆ ಸೋತೆವು. ನಾನೂ ಅಂಗಡಿ ಬಾಗಿಲು ಹಾಕಿ ಹೋಗಿದ್ದೆ. ಆ ಮ್ಯಾಚಿನಲ್ಲಿ ಕರ್ನಾಟಕದ ಆಟಗಾರರೊಬ್ಬರು ತೊಟ್ಟ ಅಂಗಿ ಅಂತ ಒಬ್ಬರ ಮನೆಯಿಂದ ನನಗೆ ಬಂತು. ಹನ್ನೊಂದು ಸಾವಿರ ಕೊಟ್ಟೆ. ಆಟಗಾರ ಯಾರು ಅಂತ ಹೇಳಲ್ಲ, ಮಾತು ಕೊಟ್ಟಿದ್ದೇನೆ. ಸಹಿ ಇರಲಿಲ್ಲ, ಕಾಗದ ಇರಲಿಲ್ಲ. ಬೇರೆ ಊರಿನ ಹರಾಜಿನವರಿಗೆ ಕಳಿಸಿದರೆ ಮಡಿಕೆಯನ್ನೂ ಬಿಚ್ಚದೆ ವಾಪಸ್ ಕಳಿಸಿದರು. ಕೊರಿಯರ್ ಖರ್ಚು ನಂದೇ.

ಬಟ್ಟೆ ಒಳಮಗ್ಗುಲು ತಿರುಗಿಸಿ ಎದೆ ಮೇಲಿನ ಎಂಬ್ರಾಯ್ಡರಿ ಲಾಂಛನದ ಹಿಂಭಾಗ ನೋಡುತ್ತಾ ಕೂತಿದ್ದೆ. ಆಗ ತಲೆಗೆ ಬಂತು. ನಾನು ದಿನಾ ಮಾಡೋ ಕೆಲಸ ಇದೇ ಅಲ್ವಾ? ಡಿಸೈನ್ ಫೈಲ್ ಒಂದೇ ಇರಬಹುದು, ಆದರೆ ಪ್ರತಿ ಅಂಗಿಯನ್ನೂ ಫ್ರೇಮಿಗೆ ಹಾಕೋದು ಕೈ. ಒಂದು ಅಂಗಿಯಲ್ಲಿ ಲಾಂಛನ ಎರಡು ಡಿಗ್ರಿ ವಾಲುತ್ತೆ, ಇನ್ನೊಂದರಲ್ಲಿ ಗುಂಡಿಪಟ್ಟಿಗೆ ಅರ್ಧ ಸೆಂಟಿಮೀಟರ್ ಹತ್ತಿರ ಬರುತ್ತೆ. ಮಧ್ಯೆ ದಾರ ಕಿತ್ತುಹೋದರೆ ಮೆಷಿನ್ ನಿಲ್ಲುತ್ತೆ. ಆಪರೇಟರ್ ನಾಲ್ಕಾರು ಹೊಲಿಗೆ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡುತ್ತಾನೆ. ಅಲ್ಲಿ ಹೊಲಿಗೆ ಮೇಲೆ ಹೊಲಿಗೆ ಬಿದ್ದು ದಪ್ಪಗಾಗುತ್ತೆ. ದಾರ ಎಲ್ಲಿ ಕಿತ್ತುಹೋಗುತ್ತೆ ಅನ್ನೋದು ದೇವರಿಗೇ ಗೊತ್ತು. ಹಾಗಾಗಿ ಆ ಗಂಟು ಬೇರೆ ಅಂಗಿಯಲ್ಲಿ ಅದೇ ಜಾಗದಲ್ಲಿ ಬೀಳೋಕೆ ಸಾಧ್ಯವೇ ಇಲ್ಲ ಅಂತಲೇ ಇಟ್ಟುಕೊಳ್ಳಿ. ನನ್ನ ಅಂಗಿಯಲ್ಲಿ ಲಾಂಛನ ಎರಡು ಡಿಗ್ರಿ ವಾಲಿತ್ತು, ಅದರ ಎಡ ಅಂಚಿನಲ್ಲಿ ಅಂಥದೊಂದು ಗಂಟೂ ಇತ್ತು, ಸಾಸಿವೆ ಕಾಳಿನಷ್ಟು.

ಇನ್ನು ಬೇಕಾಗಿದ್ದು ಆ ದಿನದ ಫೋಟೋ. ಪೇಪರಿನಲ್ಲಿ ಅಚ್ಚಾದದ್ದು ಪ್ರಯೋಜನವಿಲ್ಲ, ದೊಡ್ಡದು ಮಾಡಿದರೆ ಬರೀ ಚುಕ್ಕೆ. ವಾಟ್ಸಾಪಿನಲ್ಲಿ ಬಂದದ್ದು ಇನ್ನೂ ಕೆಟ್ಟದು. ಕ್ಯಾಮೆರಾದಿಂದ ಬಂದ ಮೂಲ ಫೈಲೇ ಬೇಕು. ಆ ಮ್ಯಾಚ್ ತೆಗೆದಿದ್ದ ಒಬ್ಬ ಫೋಟೋಗ್ರಾಫರ್ ಸಿಗೋಕೆ ಎಂಟು ತಿಂಗಳು ಹಿಡಿಯಿತು. ಮೊದಲ ದಿನದ ಫೋಟೋ ನಾಲ್ಕು ಕೊಂಡೆ, ಒಂದಕ್ಕೆ ಎರಡೂವರೆ ಸಾವಿರ. ಒಂದೂ ಹೊಂದಲಿಲ್ಲ. ಲಾಂಛನ ನೆಟ್ಟಗಿತ್ತು! ಆ ರಾತ್ರಿ ಊಟ ಸೇರಲಿಲ್ಲ. ಗೆಳೆಯರಿಗೆ ಇದೇ ಸಾಕಾಯಿತು, ಒಂದು ವರ್ಷ ನಕ್ಕರು.

ತಪ್ಪು ನಂದೇ. ಆಟಗಾರರ ಹತ್ತಿರ ಒಂದೇ ಅಂಗಿ ಇರುತ್ತಾ? ಮ್ಯಾಚ್ ನಡೆದಿದ್ದು ನಾಲ್ಕು ದಿನ. ಟೀ ಆದ ಮೇಲೆ ಬದಲಾಯಿಸೋರೂ ಇರುತ್ತಾರೆ. ಮತ್ತೆ ಹೋಗಿ ಉಳಿದ ದಿನಗಳ ಫೈಲ್ ಕೇಳಿದೆ. ಅವರು ಪಾಪ ಅಂದುಕೊಂಡರೇನೋ, ಹಾರ್ಡ್ ಡಿಸ್ಕನ್ನೇ ಕೊಟ್ಟು "ನೀವೇ ಹುಡುಕ್ಕೊಳಿ ಸಾರ್" ಅಂದರು. ಸಾವಿರದ ಮುನ್ನೂರೋ ನಾನೂರೋ ಚಿತ್ರ. ಕೊನೆ ದಿನದ ಒಂದರಲ್ಲಿ ಸಿಕ್ಕಿತು. ಲಾಂಛನ ಬಲಕ್ಕೆ ವಾಲಿದೆ, ಎಡ ಅಂಚಿನಲ್ಲಿ ಒಂದು ಕಡೆ ಗೆರೆ ಉಬ್ಬಿದೆ, ಎರಡನೇ ಗುಂಡಿಯ ದಾರ ಉಳಿದವಕ್ಕಿಂತ ಹಳದಿ. ಮೂರೂ ನನ್ನ ಅಂಗಿಯಲ್ಲಿವೆ.

ಬಟ್ಟೆ ಮಡಿಚಿದಾಗ ಅಳತೆ ಸುಳ್ಳು ಹೇಳುತ್ತೆ ಅಂತ ನೀವು ಕೇಳುತ್ತೀರಿ. ಹೌದು. ಅದಕ್ಕೇ ಸೆಂಟಿಮೀಟರ್ ನೋಡಬೇಡಿ. ಅಕ್ಕಪಕ್ಕದ ಗುರುತುಗಳ ನಡುವಿನ ದೂರ ಒಂದಕ್ಕೊಂದು ಎಷ್ಟು ಪಾಲು ಅಂತ ನೋಡಿ. ಯಾವ ಗುರುತುಗಳನ್ನು ಹಿಡಿಯಬೇಕು, ಎಷ್ಟು ಹೊಂದಿದರೆ ಸಾಕು ಅನ್ನೋದನ್ನು ಇಲ್ಲಿ ಬರೆಯಲ್ಲ. ಕುಂಕುಮ ಬಳಿಯೋರೂ ಓದುತ್ತಾರೆ.

ಈಗ ಕುವೆಂಪುನಗರದ ಗೆಳೆಯರೇ ತಮ್ಮ ಬಟ್ಟೆ ಪರೀಕ್ಷೆಗೆ ಕಳಿಸುತ್ತಿದ್ದಾರೆ. ಒಂದಕ್ಕೆ ಸಾವಿರದೈನೂರು ತಗೊಳ್ತೀನಿ, ಬಟ್ಟೆ ನಕಲಿ ಅಂತಾದರೂ ದುಡ್ಡು ವಾಪಸ್ ಇಲ್ಲ. ಹೋದ ವಾರ ಅವರದೇ ಒಂದು ಹಳೇ ಉಣ್ಣೆ ಸ್ವೆಟರ್ ಬಂದಿದೆ. ಅದರಲ್ಲಿ ಎಂಬ್ರಾಯ್ಡರಿಯೇ ಇಲ್ಲ, ಎಳೆದ ಕಡೆ ಹಿಗ್ಗುತ್ತೆ, ನನ್ನ ಲೆಕ್ಕವೆಲ್ಲ ಕೆಡುತ್ತೆ. ಸದ್ಯಕ್ಕೆ ಕುತ್ತಿಗೆಯ ನೀಲಿ ಪಟ್ಟಿಯಿಂದ ಕೆಳಗೆ ಹೆಣಿಗೆಯ ಸಾಲು ಎಣಿಸುತ್ತಿದ್ದೇನೆ. ನೂರಾ ಹದಿನೆಂಟಕ್ಕೆ ಬಂದಾಗ ಅಮ್ಮ ಕಾಫಿಗೆ ಕರೆದರು, ಲೆಕ್ಕ ತಪ್ಪಿತು.