ವಿಳಾಸ ಬಂತು, ಫೈಲು ಹೋಗಿರಲಿಲ್ಲ

ಹೋದ ಮಳೆಗಾಲದಲ್ಲಿ ಕೂತು ಅಪ್ಪ ತೆಗೆದ ಹಳೇ ಫೋಟೋಗಳ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿದೆ. ಒಟ್ಟು 412 ಚಿತ್ರ, ಮೂರು ಜಿಬಿಗಿಂತ ಸ್ವಲ್ಪ ಜಾಸ್ತಿ. ಹಿಂದೊಮ್ಮೆ ಇಂಥದ್ದನ್ನೇ ಒಂದು ಪುಕ್ಕಟೆ ತಾಣದಲ್ಲಿಟ್ಟಿದ್ದೆ. ಅದು ಬಾಗಿಲು ಹಾಕಿತು, ಫೋಟೋಗಳೂ ಹೋದವು. ಈ ಸಲ ಐಪಿಎಫ್‌ಎಸ್‌ನಲ್ಲಿ ಇಡೋಣ ಅಂತ ಹೊರಟೆ. ಒಂದೇ ಕಂಪನಿಯ ಸರ್ವರ್ ನೆಚ್ಚದೆ, ಕಂಪ್ಯೂಟರುಗಳೇ ಒಂದಕ್ಕೊಂದು ಫೈಲು ಹಂಚಿಕೊಳ್ಳುವ ಜಾಲ ಅದು.

ಮಾಮೂಲಿ ಲಿಂಕು ಫೈಲು ಎಲ್ಲಿದೆ ಅಂತ ಹೇಳುತ್ತದೆ. ಇಲ್ಲಿ ಹಾಗಲ್ಲ, ಫೈಲಿನ ಒಳಗೇನಿದೆಯೋ ಅದರಿಂದಲೇ ವಿಳಾಸ ಹುಟ್ಟುತ್ತದೆ. ಅದಕ್ಕೆ ಸಿಐಡಿ (ಕಂಟೆಂಟ್ ಐಡೆಂಟಿಫೈಯರ್) ಅನ್ನುತ್ತಾರೆ. ಗಿಟ್ ಬಳಸುವವರಿಗೆ ಇದು ಹೊಸದೇನಲ್ಲ, ಕಮಿಟ್ ಹ್ಯಾಶ್ ಇದ್ದ ಹಾಗೆ. ಹ್ಯಾಶ್ ಅಂದರೆ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು.

ಗೋ ಭಾಷೆಯಲ್ಲಿ ಬರೆದ ಕುಬೋ ಅನ್ನುವ ಐಪಿಎಫ್‌ಎಸ್ ತಂತ್ರಾಂಶ ಹಾಕಿಕೊಂಡೆ. ‘ಐಪಿಎಫ್‌ಎಸ್ ಇನಿಟ್’, ಆಮೇಲೆ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ‘ಐಪಿಎಫ್‌ಎಸ್ ಡೀಮನ್’. ಅಷ್ಟಕ್ಕೆ ನನ್ನ ಲ್ಯಾಪ್‌ಟಾಪೇ ಒಂದು ನೋಡ್, ಅಂದರೆ ಆ ಜಾಲದ ಒಂದು ಯಂತ್ರ, ಆಯಿತು. ಫೋಟೋ ಮುಟ್ಟುವ ಮೊದಲು ಒಂದು ಸಾಲಿನ ಪಠ್ಯದ ಫೈಲು ಮಾಡಿ ‘ಐಪಿಎಫ್‌ಎಸ್ ಆಡ್’ ಕೊಟ್ಟೆ. ಉದ್ದದ ಸಿಐಡಿ ಬಂತು. ಸಾಲಿನ ಕೊನೆಗೆ ಒಂದು ಚುಕ್ಕಿ ಇಟ್ಟೆ, ಗುರುತೇ ಸಿಗದ ಹಾಗೆ ಬೇರೆ ಸಿಐಡಿ. ಚುಕ್ಕಿ ತೆಗೆದೆ, ಮೊದಲಿನದೇ ಅಕ್ಷರ ಬಿಡದೆ ವಾಪಸ್ ಬಂತು. ಇದನ್ನು ನಾಲ್ಕೈದು ಸಲ ಮಾಡಿದೆ, ಸುಮ್ನೆ.

ಒಂದು ಸಂಜೆ ಪೂರ್ತಿ ತಲೆ ತಿಂದದ್ದು ಇನ್ನೊಂದು. ಒಂದು ಫೋಟೋದ ಎಸ್‌ಎಚ್‌ಎ-256 ಹ್ಯಾಶ್ ಬೇರೆಯಾಗಿ ತೆಗೆದು ನೋಡಿದರೆ ಸಿಐಡಿಗೂ ಅದಕ್ಕೂ ತಾಳೆಯೇ ಇಲ್ಲ! ಕಾರಣ ಇಷ್ಟೇ. ದೊಡ್ಡ ಫೈಲನ್ನು ಅದು ಮೊದಲು ತುಂಡು ಮಾಡುತ್ತದೆ. ನನ್ನಲ್ಲಿ ಒಂದು ತುಂಡಿಗೆ 256 ಕೆಬಿ. ಪ್ರತಿ ತುಂಡಿಗೂ ಹ್ಯಾಶ್ ತೆಗೆದು, ಅವನ್ನೆಲ್ಲ ಮರದ ಹಾಗೆ ಜೋಡಿಸಿ, ತುದಿಯದನ್ನು ವಿಳಾಸ ಅಂತ ಕೊಡುತ್ತದೆ. ಅಂದರೆ ತುಂಡಿನ ಅಳತೆ ಬದಲಾದರೆ ಅದೇ ಫೈಲಿಗೆ ಬೇರೆ ವಿಳಾಸ. ಸಿಐಡಿ ಆವೃತ್ತಿ ಬದಲಾದರೂ ಹಾಗೇ. ಸುಮ್ಮನೆ ಆಡ್ ಕೊಟ್ಟಾಗ ‘ಕ್ಯೂಎಂ’ ಅಂತ ಶುರುವಾಗುತ್ತಿತ್ತು, ಆವೃತ್ತಿ 1 ಅಂತ ಹೇಳಿ ಕೊಟ್ಟರೆ ‘ಬಿಎಎಫ್’ ಅಂತ. ಯಾವ ಆಯ್ಕೆ ಕೊಟ್ಟಿದ್ದೆ ಅಂತ ಒಂದು ಕಡೆ ಬರೆದಿಟ್ಟುಕೊಳ್ಳಿ. ನಾನು ಬರೆದಿಡದೆ ಒಂದೇ ಫೋಲ್ಡರಿಗೆ ಎರಡು ವಿಳಾಸ ಮಾಡಿಕೊಂಡು ಕೂತಿದ್ದೆ.

ಕೊನೆಗೆ ಇಡೀ ಫೋಲ್ಡರ್ ಸೇರಿಸಿದೆ. ಮಾಮೂಲಿ ಬ್ರೌಸರಿನಲ್ಲೇ ಐಪಿಎಫ್‌ಎಸ್ ಫೈಲು ತೆರೆದು ತೋರಿಸುವ ಸಾರ್ವಜನಿಕ ಗೇಟ್‌ವೇ ಒಂದರ ವಿಳಾಸದ ಹಿಂದೆ ಸಿಐಡಿ ಅಂಟಿಸಿ ಪುಣೆಯಲ್ಲಿರುವ ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಿಗ್ಗೆಯೇ ಫೋನು.

“ಏನೋ ಇದು, ಬರೀ ತಿರುಗ್ತಾನೇ ಇದೆ. ಒಂದು ಫೋಟೋನೂ ಬರ್ತಿಲ್ಲ ಕಣೋ.”

ಎಲ್ಲಿಂದ ಬರಬೇಕು? ಆಡ್ ಅನ್ನುವ ಆಜ್ಞೆ ಫೈಲನ್ನು ಎಲ್ಲಿಗೂ ಕಳಿಸುವುದಿಲ್ಲ. ತುಂಡು ಮಾಡಿ ನನ್ನದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಡೀಮನ್ ಓಡುತ್ತಿದ್ದರೆ ‘ಇದು ನನ್ನ ಹತ್ತಿರ ಇದೆ’ ಅಂತ ಜಾಲಕ್ಕೆ ಸಾರುತ್ತದೆ, ಯಾರಾದರೂ ಕೇಳಿದರೆ ಕೊಡುತ್ತದೆ. ಅಷ್ಟೇ. ಕೊಡಬೇಕಾದ ಯಂತ್ರ ನನ್ನ ತಲೆದೆಸೆಯಲ್ಲಿ ಮಲಗಿತ್ತು. ಅಪ್‌ಲೋಡ್ ಅನ್ನುವ ಪದವೇ ನನ್ನ ದಾರಿ ತಪ್ಪಿಸಿದ್ದು ಅಂತ ಈಗಲೂ ಅನ್ನಿಸುತ್ತದೆ.

ಸದಾ ಎಚ್ಚರ ಇರುವ ಇನ್ನೊಂದು ನೋಡ್ ಬೇಕು. ದುಡ್ಡು ಕೊಟ್ಟರೆ ಪಿನ್ ಮಾಡಿ, ಅಂದರೆ ಅಳಿಸದ ಹಾಗೆ ಗುರುತು ಹಾಕಿ, ಇಟ್ಟುಕೊಳ್ಳುವ ಸೇವೆಗಳಿವೆ, ಒಂದನ್ನು ಹಿಡಿದೆ. ‘ಐಪಿಎಫ್‌ಎಸ್ ಪಿನ್ ರಿಮೋಟ್ ಆಡ್’ ಕೊಟ್ಟರೆ ಅವರ ಯಂತ್ರ ನನ್ನ ನೋಡ್‌ನಿಂದ ತುಂಡುಗಳನ್ನು ಎಳೆದುಕೊಳ್ಳಬೇಕು. ಅದು ಸರದಿಯಲ್ಲೇ ಕೂತಿತು, ಒಂದು ದಿನ ಪೂರ್ತಿ. ನಮ್ಮ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಹತ್ತಾರು ಮನೆಗೆ ಒಂದೇ ಐಪಿ, ಹೊರಗಿನವರು ಒಳಗೆ ಬರುವುದೇ ಕಷ್ಟ. ಕಾಯುವುದು ಬಿಟ್ಟು ‘ಐಪಿಎಫ್‌ಎಸ್ ಡ್ಯಾಗ್ ಎಕ್ಸ್‌ಪೋರ್ಟ್’ ಕೊಟ್ಟೆ. ತುಂಡುಗಳ ಮರವೆಲ್ಲ ಒಂದೇ ‘ಕಾರ್’ (ಸಿಎಆರ್) ಫೈಲಿನಲ್ಲಿ ಗಂಟು ಕಟ್ಟಾಯಿತು. ಅದನ್ನು ಅವರ ಪುಟದಿಂದ ನೇರ ಏರಿಸಿದೆ. ತುಂಡುಗಳು ಹಾಗೇ ಹೋಗುವುದರಿಂದ ಸಿಐಡಿ ಬದಲಾಗಲಿಲ್ಲ. ಅಕ್ಕನಿಗೆ ಕಳಿಸಿದ್ದ ಹಳೇ ಲಿಂಕೇ ತೆರೆಯಿತು.

ತೆರೆದು ಅವಳು ಮೊದಲು ಹೇಳಿದ್ದು: “ಇದರಲ್ಲಿ ನಮ್ಮ ರೇಷನ್ ಕಾರ್ಡ್ ಯಾಕೋ ಇದೆ?”

ಸ್ಕ್ಯಾನರ್‌ನಲ್ಲಿ ಅದೇ ವಾರ ಮಾಡಿದ್ದು, ಅದೇ ಫೋಲ್ಡರಿಗೆ ಹೋಗಿ ಕೂತಿತ್ತು. ಓಡಿ ನನ್ನಲ್ಲಿ ಪಿನ್ ತೆಗೆದೆ, ಪಿನ್ ಇಲ್ಲದ್ದನ್ನು ಅಳಿಸುವ ‘ರೆಪೋ ಜಿಸಿ’ ಓಡಿಸಿದೆ, ಸೇವೆಯವರ ಕಡೆಯಿಂದಲೂ ತೆಗೆಸಿದೆ. ಆದರೆ ಗೇಟ್‌ವೇ ತನ್ನ ಹತ್ತಿರ ಒಂದು ಪ್ರತಿ ಇಟ್ಟುಕೊಂಡಿದ್ದರೆ ನನ್ನ ಕೈಯಲ್ಲಿ ಏನಿದೆ? ಇಲ್ಲಿ ಬೀಗ ಇಲ್ಲ. ಸಿಐಡಿ ಗೊತ್ತಿದ್ದವರಿಗೆಲ್ಲ ಫೈಲು ಸಿಗುತ್ತದೆ. ಗುಟ್ಟಿನದಾದರೆ ಮೊದಲೇ ಎನ್‌ಕ್ರಿಪ್ಟ್ ಮಾಡಿ ಸೇರಿಸಬೇಕಿತ್ತು.

ಕಾರ್ಡ್ ತೆಗೆದು ಫೋಲ್ಡರನ್ನು ಮತ್ತೆ ಸೇರಿಸಿದೆ. ಫೋಟೋಗಳ ಸಿಐಡಿ ಹಳೆಯವೇ, ಫೋಲ್ಡರಿನದು ಮಾತ್ರ ಹೊಸದು. ಆಡ್ ಒತ್ತುವ ಮೊದಲು ಈಗ ಫೋಲ್ಡರಿನ ಪಟ್ಟಿಯನ್ನು ಕಣ್ಣಾರೆ ಓದುತ್ತೇನೆ, 412 ಸಾಲೂ.

ಅಕ್ಕನ ಹಳೇ ಡೆಸ್ಕ್‌ಟಾಪಿನಲ್ಲೂ ಈಗ ಒಂದು ನೋಡ್ ಹಾಕಿಕೊಟ್ಟಿದ್ದೇನೆ. ಆ ಸಿಐಡಿ ಯಾರ ಯಾರ ಹತ್ತಿರ ಇದೆ ಅಂತ ‘ಫೈಂಡ್‌ಪ್ರೊವ್ಸ್’ ಕೇಳಿದರೆ ಮೂರು ಸಾಲು ಬರುತ್ತದೆ: ನನ್ನದು, ಅವಳದು, ಸೇವೆಯವರದು. ಆದರೆ ಯಂತ್ರ ಆರಿಸಿದ ಮೇಲೂ ಹೆಸರು ಒಂದೆರಡು ದಿನ ಆ ಪಟ್ಟಿಯಲ್ಲಿ ಉಳಿದಿರುತ್ತದೆ. ಕರೆಂಟ್ ಬಿಲ್ ನೆನಪಾದಾಗಲೆಲ್ಲ ಅಕ್ಕ ಸ್ವಿಚ್ ತೆಗೆಯುವವಳು. ಹಾಗಾಗಿ ಭಾನುವಾರ ಫೋನ್ ಮಾಡಿದಾಗ ಕೇಳಿಬಿಡುತ್ತೇನೆ, “ಕಂಪ್ಯೂಟರ್ ಆನ್ ಇದೆಯಾ ಅಕ್ಕ?”